ವೆಟರನ್ಸ್ ಸ್ಮಶಾನಕ್ಕೆ ಫೆಡರಲ್ ದುಡ್ಡು ಶೇ. 100 ಅಂತಾರೆ, ಹಾಗಾದ್ರೆ ಕಟ್ಟೋಕೆ ಇಷ್ಟು ವರ್ಷ ಯಾಕೆ?

ಇರ್ವೈನ್_ಕನ್ನಡಿಗ
ಆರೆಂಜ್ ಕೌಂಟಿಯಲ್ಲಿ ಮಾಜಿ ಸೈನಿಕರಿಗೆ ರಾಜ್ಯದ್ದೇ ಒಂದು ಸ್ಮಶಾನ ಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2014ರಲ್ಲೇ ಎಬಿ (ಅಸೆಂಬ್ಲಿ ಬಿಲ್) 1453 ಕಾನೂನಾಯ್ತು. ಎಲ್ ಟೋರೊ ಮರೀನ್ ವಾಯುನೆಲೆ 1999ರಲ್ಲಿ ಮುಚ್ಚಿತ್ತಲ್ಲ, ಅದರಲ್ಲೇ 125 ಎಕರೆ ಗೊತ್ತು ಮಾಡಿದ್ರು. ಆಮೇಲೆ ಅದನ್ನ ಬಿಟ್ಟು ಫ್ರೀವೇ ಪಕ್ಕದ ಸ್ಟ್ರಾಬೆರಿ ಹೊಲ ತಗೊಳ್ಳೋಣ ಅಂದ್ರು, 2018ರ ಜೂನ್‌ನಲ್ಲಿ ಇರ್ವೈನ್ ಮತದಾರರು ಆ ಅದಲು-ಬದಲನ್ನ ಬೀಳಿಸಿದ್ರು. 2022ರಲ್ಲಿ ಎಬಿ 1595 ಬಂತು, ಎಲ್ಲರ ಕಣ್ಣು ಅನಾಹೈಮ್‌ನ ಜಿಪ್ಸಮ್ ಕ್ಯಾನಿಯನ್ ಕಡೆ ತಿರುಗಿತು. ಬರೀ ಜಾಗದ ಜಗಳಕ್ಕೇ ಎಂಟು ವರ್ಷ!

ನನ್ನ ಪ್ರಶ್ನೆ ಸರಳ. ಕಟ್ಟೋ ಖರ್ಚು ಪೂರ್ತಿ ವಿಎ (ಫೆಡರಲ್ ಸರ್ಕಾರದ ಮಾಜಿ ಸೈನಿಕರ ಇಲಾಖೆ) ಕೊಡುತ್ತೆ ಅಂತ ಎಲ್ಲ ಕಡೆ ಬರೀತಾರೆ. ದುಡ್ಡು ಬೇರೆಯವರದ್ದು ಅಂದ್ಮೇಲೆ ರಾಜ್ಯಗಳು ಹಿಂದೆ ಮುಂದೆ ನೋಡೋದು ಯಾಕೆ? ಲೆಕ್ಕ ಗೊತ್ತಿರೋರು ಬರೀರಿ. ಯಾವ ಪಾರ್ಟಿ ಏನು ಮಾಡ್ತು ಅನ್ನೋದು ಬೇಡ.

ಲೆಕ್ಕದ_ಪುಸ್ತಕ
ಶೇ. 100 ಯಾವುದರ ಮೇಲೆ ಅನ್ನೋದೇ ಇಲ್ಲಿ ವಿಷಯ.

ಈ ಗ್ರಾಂಟ್ ಯೋಜನೆ ಶುರುವಾಗಿದ್ದು 1978ರಲ್ಲಿ. ಆಗ ಅರ್ಧ ಫೆಡರಲ್, ಅರ್ಧ ರಾಜ್ಯ. 1998ರ ತಿದ್ದುಪಡಿ ಆದ್ಮೇಲೆ ಅಭಿವೃದ್ಧಿ ಖರ್ಚಿನ ಶೇ. 100ರವರೆಗೆ ವಿಎ ಕೊಡಬಹುದು ಅಂತಾಯ್ತು. ರಸ್ತೆ, ಚರಂಡಿ, ಆಡಳಿತ ಕಟ್ಟಡ, ಸಮಾಧಿ ಭಾಗ, ಅಸ್ಥಿ ಗೂಡಿನ ಗೋಡೆ, ನೀರಾವರಿ ಪೈಪು ಎಲ್ಲ ಅದರಲ್ಲಿ ಬರುತ್ತೆ. ಹೊಸ ಸ್ಮಶಾನ ಆದ್ರೆ ಮೊದಲ ಸೆಟ್ ಯಂತ್ರಗಳೂ ಸೇರುತ್ವೆ: ಬ್ಯಾಕ್‌ಹೋ (ಗುಂಡಿ ಅಗೆಯೋ ಯಂತ್ರ), ಮೋವರ್ (ಹುಲ್ಲು ಕತ್ತರಿಸೋ ಯಂತ್ರ), ಟಿಪ್ಪರ್ ಇತ್ಯಾದಿ.

ಬರದೇ ಇರೋದು, ತಡವಾಗಿ ಬರೋದು ಇಷ್ಟು:
- ಜಾಗ. ಒಂದು ಡಾಲರ್ ಕೂಡ ಇಲ್ಲ. ರಾಜ್ಯ ಕೊಳ್ಳಬೇಕು, ಇಲ್ಲ ಯಾರಾದ್ರೂ ದಾನ ಕೊಡಬೇಕು.
- ದಿನದಿನದ ಖರ್ಚು. ಸಂಬಳ, ನೀರು, ಡೀಸೆಲ್, ಗೊಬ್ಬರ, ವಿಮೆ. ಇದಕ್ಕೆ ಕೊನೆ ಅಂತ ಇಲ್ಲ.
- ಹತ್ತು ಹದಿನೈದು ವರ್ಷಕ್ಕೆ ಆ ಬ್ಯಾಕ್‌ಹೋ ಕೆಟ್ಟಾಗ ಹೊಸದು.
- ವಿನ್ಯಾಸದ ದುಡ್ಡು. ಇದು ವಾಪಸ್ ಬರುತ್ತೆ, ಆದ್ರೆ ಮೊದಲು ಕೈಯಿಂದ ಹಾಕಬೇಕು. ಸಾಮಾನ್ಯವಾಗಿ ಯೋಜನೆಯ ಶೇ. 10 ಅಂತ ಇಟ್ಕೊಳ್ತಾರೆ. 1.5 ಕೋಟಿ ಡಾಲರಿನ ಯೋಜನೆಗೆ 15 ಲಕ್ಷ ಡಾಲರ್. ಗ್ರಾಂಟ್ ಮಂಜೂರಾಗದಿದ್ರೆ ಆ ದುಡ್ಡು ಹೋಯ್ತು.

ಬಜೆಟ್ ಸಮಿತಿಯವರು ಹೆದರೋದು ಎರಡನೆಯದಕ್ಕೆ.

ಬೆಳಗಾವಿ_ಬಸು
ಅಂದ್ರ ಕಟ್ಟಾಕ ರೊಕ್ಕ ಅವರದು, ಕಡೀತನಕಾ ಹುಲ್ಲು ಕೊಯ್ಯೂದು ನಮ್ಮದು. ಮಸ್ತ್ ಐತಿ ನೋಡ್ರಿ.

ಲೆಕ್ಕದ_ಪುಸ್ತಕ
@ಬೆಳಗಾವಿ_ಬಸು ಬರೀ ಹುಲ್ಲಾದ್ರೆ ಪರವಾಗಿರ್ಲಿಲ್ಲ ಬಸು ಅಣ್ಣ. ರಾಜ್ಯ ಆ ಸ್ಮಶಾನದ ಒಡೆತನ ಬಿಟ್ರೆ, ವೆಟರನ್ಸ್ ಸ್ಮಶಾನವಾಗಿ ನಡೆಸೋದು ನಿಲ್ಲಿಸಿದ್ರೆ, ಇಲ್ಲ ಗ್ರಾಂಟನ್ನ ಬೇರೆ ಕೆಲಸಕ್ಕೆ ಹಾಕಿದ್ರೆ, ಕೊಟ್ಟ ಗ್ರಾಂಟ್ ಪೂರ್ತಿ ವಾಪಸ್ ಕೇಳೋ ಹಕ್ಕು ಫೆಡರಲ್ ಸರ್ಕಾರಕ್ಕಿದೆ. ಇಷ್ಟು ವರ್ಷ ಆದ್ಮೇಲೆ ಬಿಡುಗಡೆ ಅಂತ ಗಡುವೂ ಇಲ್ಲ.

ಸ್ಯಾಕ್ರಮೆಂಟೊ_ಅಕ್ಕ
ಆದಾಯದ ಕಡೆ ಯಾರೂ ಹೇಳ್ಲಿಲ್ಲವಲ್ಲ. ಅರ್ಹ ಮಾಜಿ ಸೈನಿಕರೊಬ್ಬರನ್ನ ಇಲ್ಲಿ ಹೂಳಿದ್ರೆ, ಅಥವಾ ಅಸ್ಥಿ ಇಟ್ರೆ, ವಿಎ ರಾಜ್ಯಕ್ಕೆ ಪ್ಲಾಟ್ ಭತ್ಯೆ ಕೊಡುತ್ತೆ. 2001ರಲ್ಲಿ 300 ಡಾಲರ್ ಆಗಿತ್ತು, 2011ರ ಅಕ್ಟೋಬರ್‌ನಿಂದ 700 ಮಾಡಿ ಬೆಲೆಯೇರಿಕೆಗೆ ಜೋಡಿಸಿದ್ರು. 2023ರ ಅಕ್ಟೋಬರ್‌ನಿಂದ 948, 2024ರ ಅಕ್ಟೋಬರ್‌ನಿಂದ 978 ಆಗಿತ್ತು. ಅರ್ಜಿ ಫಾರ್ಮ್ 21ಪಿ-530ಎ.

ಎರಡು ಕಡೆ ಎಡವುತ್ತಾರೆ. ಒಂದು, ಸೈನಿಕರ ಕುಟುಂಬದಿಂದ ಜಾಗಕ್ಕೋ ಹೂಳೋದಕ್ಕೋ ಶುಲ್ಕ ತಗೊಂಡ್ರೆ ಈ ಭತ್ಯೆ ಇಲ್ಲ. ಎರಡು, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಈ ಭತ್ಯೆ ಬರಲ್ಲ. ಅದಕ್ಕೇ ಬಹಳ ರಾಜ್ಯಗಳು ಸೈನಿಕರಿಗೆ ಉಚಿತ ಮಾಡಿ, ಸಂಗಾತಿಗೆ ಭತ್ಯೆಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಶುಲ್ಕ ಇಟ್ಟಿರೋದು.

ಲೆಕ್ಕದ_ಪುಸ್ತಕ
ಅಕ್ಕ ಹೇಳಿದ್ದಕ್ಕೆ ಒಂದು ಲೆಕ್ಕ ಹಾಕ್ತೀನಿ. ಅಂಕಿಗಳು ನಾನು ಊಹಿಸಿಕೊಂಡವು, ಗುಣಾಕಾರ ಮಾತ್ರ ನಿಜ. ವರ್ಷಕ್ಕೆ 500 ಅಂತ್ಯಕ್ರಿಯೆ, ಅದರಲ್ಲಿ 325 ಸೈನಿಕರು, 175 ಸಂಗಾತಿಗಳು. ಭತ್ಯೆ 325 × 978 = 3,17,850 ಡಾಲರ್. ಸಂಗಾತಿಗೆ 500 ಡಾಲರ್ ಶುಲ್ಕ ಅಂದ್ರೆ 87,500. ಒಟ್ಟು ನಾಲ್ಕು ಲಕ್ಷದ ಚಿಲ್ಲರೆ.

ಖರ್ಚು? ಮ್ಯಾನೇಜರ್ ಒಬ್ಬರು, ಆಫೀಸಲ್ಲಿ ಇಬ್ಬರು, ಮೈದಾನಕ್ಕೆ ಐದು ಜನ. ಪಿಂಚಣಿ, ವಿಮೆ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಎಂಟು ಜನಕ್ಕೆ ಎಷ್ಟಾಗುತ್ತೆ ಅಂತ ನೀವೇ ನೋಡಿ. ಭತ್ಯೆ ಸಂಬಳದ ಅರ್ಧಕ್ಕೂ ಸಾಲಲ್ಲ. ನೀರಿನ ಬಿಲ್ ಇನ್ನೂ ಸೇರಿಲ್ಲ.

ಇನ್ನೊಂದು ಅಂಶ ಬಜೆಟ್ ಹಾಳೆಯಲ್ಲಿ ಕಾಣಲ್ಲ. ಭತ್ಯೆ ಬರೋದು ಹೂಳಿದ ಸಲ ಮಾತ್ರ. ಸ್ಮಶಾನ ತುಂಬಿದ ದಿನ ಆದಾಯ ಸೊನ್ನೆ, ನಿರ್ವಹಣೆ ಮಾತ್ರ ಅಷ್ಟೇ ಇರುತ್ತೆ.

ಟೆಕ್ಸಸ್_ಗೌಡ
ಅದಕ್ಕೇ ಟೆಕ್ಸಸ್ ಕೆಲಸ ವಾಸಿ. 2001ರಲ್ಲಿ ಮತದಾರರು ಸಂವಿಧಾನ ತಿದ್ದುಪಡಿ ಒಪ್ಪಿ, ವೆಟರನ್ಸ್ ಲ್ಯಾಂಡ್ ಬೋರ್ಡ್ ತನ್ನ ಸಾಲ ಯೋಜನೆಗಳಲ್ಲಿ ಮಿಕ್ಕ ದುಡ್ಡನ್ನ ಸ್ಮಶಾನಕ್ಕೆ ಹಾಕಬಹುದು ಅಂತ ಮಾಡಿದ್ರು. ಕಿಲೀನ್, ಮಿಷನ್, ಅಬಿಲೀನ್, ಕಾರ್ಪಸ್ ಕ್ರಿಸ್ಟಿ ಹೀಗೆ ಆದವು. ಪ್ರತಿ ವರ್ಷ ಬಜೆಟ್ ಮುಂದೆ ಕೈ ಚಾಚೋ ಹಾಗಿಲ್ಲ.

ಮೊಂಟಾನಾದಲ್ಲಿ ವೆಟರನ್ಸ್ ನಂಬರ್ ಪ್ಲೇಟಿನ ಶುಲ್ಕ, ದೇಣಿಗೆ, ಪ್ಲಾಟ್ ಭತ್ಯೆ ಎಲ್ಲ ಒಂದು ಪ್ರತ್ಯೇಕ ಖಾತೆಗೆ ಹೋಗುತ್ತೆ. ಜನ ಕಡಿಮೆ ಇರೋ ರಾಜ್ಯ, ಅಚ್ಚುಕಟ್ಟು ವ್ಯವಸ್ಥೆ.

ಸ್ಯಾಕ್ರಮೆಂಟೊ_ಅಕ್ಕ
ಗೌಡ್ರೇ, ಕ್ಯಾಲಿಫೋರ್ನಿಯಾದಲ್ಲೂ ಫೋರ್ಟ್ ಓರ್ಡ್ ಸ್ಮಶಾನಕ್ಕೆ ಕಾನೂನಲ್ಲೇ ದತ್ತಿನಿಧಿ ಖಾತೆ ಇಟ್ಟಿದ್ರು, ಊರಿನವರು ದುಡ್ಡು ಕೂಡಿಸಲಿ ಅಂತ. ಅದೇ ಗಂಟಲಿಗೆ ಸಿಕ್ಕಿಕೊಳ್ತು. ಬಡ್ಡಿ ಶೇ. 4 ಹಿಡಿದ್ರೆ, ವರ್ಷಕ್ಕೆ 5 ಲಕ್ಷ ಡಾಲರ್ ಬರೋಕೆ 1.25 ಕೋಟಿ ಡಾಲರ್ ಮೂಲಧನ ಬೇಕು. ಪ್ಯಾನ್‌ಕೇಕ್ ಮಾರಿ, ಗಾಲ್ಫ್ ಆಡಿಸಿ ಕೂಡಿಸೋ ಮೊತ್ತ ಅಲ್ಲ ಅದು. ಸೇನಾನೆಲೆ 1994ರಲ್ಲಿ ಮುಚ್ಚಿತು, ಅಲ್ಲೇ ಸೀಸೈಡ್ ಊರಲ್ಲಿ ಸ್ಮಶಾನ ತೆರೆದಿದ್ದು 2016ರ ಅಕ್ಟೋಬರ್‌ನಲ್ಲಿ. ಅದೂ ಮೊದಲ ಹಂತದಲ್ಲಿ ಅಸ್ಥಿ ಗೂಡು ಮಾತ್ರ, 5,000. ಶವಪೆಟ್ಟಿಗೆ ಹೂಳೋ ಜಾಗ ಮುಂದಿನ ಹಂತಕ್ಕೆ.

ಅಟ್ಲಾಂಟ_ಅರಸು
ಆರೆಂಜ್ ಕೌಂಟಿಗೆ ತಡ ಆಗೋಕೆ ಇನ್ನೊಂದು ಕಾರಣ ಇದೆ, ಯಾರೂ ಎತ್ತಿಲ್ಲ. ವಿಎ ಪ್ರಕಾರ 75 ಮೈಲಿಯೊಳಗೆ ಸಮಾಧಿ ಸೌಲಭ್ಯ ಇದ್ರೆ ಆ ಸೈನಿಕರಿಗೆ ಸೇವೆ ಸಿಕ್ಕ ಹಾಗೆ. ರಿವರ್‌ಸೈಡ್ ನ್ಯಾಷನಲ್ ಸೆಮೆಟ್ರಿ (ವಿಎ ನಡೆಸೋ ರಾಷ್ಟ್ರೀಯ ಸ್ಮಶಾನ) 1978ರಿಂದ ಇದೆ. ಸಾಂಟಾ ಆನಾದಿಂದ ಅಲ್ಲಿಗೆ 40 ಮೈಲಿ ಸುತ್ತಮುತ್ತ. ಅಂದ್ರೆ ಕಾಗದದ ಮೇಲೆ ಆರೆಂಜ್ ಕೌಂಟಿಯವರಿಗೆ ಕೊರತೆಯೇ ಇಲ್ಲ.

ಗ್ರಾಂಟ್ ಸರದಿ ಹೀಗಿದೆ. ಗುಂಪು 1: ಈಗಿರೋ ಸ್ಮಶಾನದಲ್ಲಿ ಇನ್ನು ನಾಲ್ಕು ವರ್ಷದಲ್ಲಿ ಜಾಗ ಮುಗಿದು ಅಂತ್ಯಕ್ರಿಯೆ ನಿಂತುಹೋಗುತ್ತೆ ಅನ್ನೋ ಯೋಜನೆಗಳು. ಗುಂಪು 2: ಹೊಸ ಸ್ಮಶಾನ. ಗುಂಪು 3: ವಿಸ್ತರಣೆ. ಗುಂಪು 4: ಕಲ್ಲು ನೆಟ್ಟಗೆ ಮಾಡೋದು, ರಸ್ತೆ ರಿಪೇರಿಯಂಥ ಸುಧಾರಣೆ. ಹೊಸದಕ್ಕೆ ಬರೋಷ್ಟರಲ್ಲಿ ಗುಂಪು 1 ದೊಡ್ಡ ಪಾಲು ನುಂಗಿರುತ್ತೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಇತ್ತೀಚೆಗೆ ಸಿಕ್ಕಿರೋದು ಹೆಚ್ಚುಕಡಿಮೆ 4.5ರಿಂದ 6 ಕೋಟಿ ಡಾಲರ್.

ಇರ್ವೈನ್_ಕನ್ನಡಿಗ
ಅರಸು ಸರ್, 405 ಫ್ರೀವೇನೂ 91ನೂ ಸಂಜೆ ನೋಡಿದ್ದೀರಾ? 40 ಮೈಲಿಗೆ ಎರಡು ಗಂಟೆ. ವಯಸ್ಸಾದ ಹೆಂಗಸು ಗಂಡನ ಸಮಾಧಿಗೆ ಹೂವಿಡೋಕೆ ಹೋಗಿ ಬರೋಕೆ ಅರ್ಧ ದಿನ ಬೇಕು.

ಅಟ್ಲಾಂಟ_ಅರಸು
ಟ್ರಾಫಿಕ್ ವಿಎ ಸೂತ್ರದಲ್ಲಿ ಇಲ್ಲ. ಇದ್ದಿದ್ರೆ ಚೆನ್ನಾಗಿತ್ತು ಅನ್ನೋದು ಬೇರೆ ಮಾತು. ಮೊಂಟಾನಾದಲ್ಲಿ 200 ಮೈಲಿ ಓಡಿಸೋರು ನಿಮ್ಮ ಅರ್ಧ ದಿನ ಕೇಳಿ ನಗ್ತಾರೆ.

ಲೆಕ್ಕದ_ಪುಸ್ತಕ
ಎಲ್ ಟೋರೊ ಜಾಗಕ್ಕೆ 2016ರಲ್ಲಿ ರಾಜ್ಯ ಮಾಡಿಸಿದ ಅಂದಾಜಿನಲ್ಲಿ ಮೊದಲ ಹಂತಕ್ಕೇ 7.74 ಕೋಟಿ ಡಾಲರ್. ಹಳೇ ವಾಯುನೆಲೆ ಅಲ್ವಾ, ಕಟ್ಟಡ ಒಡೆದು, ಕಾಂಕ್ರೀಟ್ ಕಿತ್ತು, ಮಣ್ಣು ಶುದ್ಧ ಮಾಡೋದೇ ದೊಡ್ಡ ಬಾಬತ್ತು. ವಿಎ ಇಡೀ ದೇಶಕ್ಕೆ ಒಂದು ವರ್ಷಕ್ಕೆ ಕೊಡೋ ದುಡ್ಡಿಗಿಂತ ಒಂದೇ ಸ್ಮಶಾನದ ಒಂದು ಹಂತ ಜಾಸ್ತಿ! ಶೇ. 100 ಅನ್ನೋ ಮಾತು ಅಲ್ಲೇ ಮುಗೀತು. ಜಿಪ್ಸಮ್ ಕ್ಯಾನಿಯನ್‌ಗೆ ಕೌಂಟಿ 2021ರಲ್ಲಿ 2 ಕೋಟಿ ಡಾಲರ್ ತೆಗೆದಿಟ್ಟಿದ್ದು ಸುಮ್ಮನೆ ಅಲ್ಲ.

ಮಣ್ಣು_ಬಂಡೆ
ಉಚಿತ ಜಾಗ ಅಂದ ತಕ್ಷಣ ಕೈ ಮುಗಿದು ತಗೊಳ್ಳೋದೇ ಮೊದಲ ಎಡವಟ್ಟು. ದಾನ ಕೊಡೋ ಜಾಗ ಹೆಚ್ಚಾಗಿ ಬೇರೆ ಯಾವುದಕ್ಕೂ ಬಾರದ್ದು. ಪತ್ರಕ್ಕೆ ಸಹಿ ಹಾಕೋ ಮುಂಚೆ ನೋಡಬೇಕಾದ್ದು ಇಷ್ಟು.

ಬೋರ್ ಹಾಕಿಸಿ, ಜೊತೆಗೆ ಬ್ಯಾಕ್‌ಹೋದಲ್ಲಿ 8-10 ಅಡಿ ಪರೀಕ್ಷಾ ಗುಂಡಿ ತೆಗೆಸಿ. ಒಂದರ ಮೇಲೊಂದು ಇಬ್ಬರನ್ನ ಇಡೋ ಸಮಾಧಿಗೆ ಏಳು ಅಡಿ ಆಳ ಬೇಕು. ಐದು ಅಡಿಗೇ ಬಂಡೆ ಸಿಕ್ಕರೆ ಸುತ್ತಿಗೆ ಯಂತ್ರ ತರಿಸಬೇಕು, ಅಗೆತದ ದರ ಮೂರ್ನಾಲ್ಕು ಪಟ್ಟು ಏರುತ್ತೆ. ಅಂತರ್ಜಲ ಅತಿ ಆಳದ ಗುಂಡಿಗಿಂತ ಕೆಳಗಿರಬೇಕು, ಅದನ್ನ ಮಳೆಗಾಲ ಮುಗಿದ ತಕ್ಷಣ ಅಳೀಬೇಕು. ಆಗಸ್ಟಲ್ಲಿ ಅಳೆದು ಒಣಗಿದೆ ಅಂತ ಬರೆದುಕೊಟ್ಟ ವರದಿ ನಂಬಬೇಡಿ.

ಇಳಿಜಾರು ಶೇ. 2ಕ್ಕಿಂತ ಕಡಿಮೆ ಇದ್ರೆ ನೀರು ನಿಲ್ಲುತ್ತೆ. ಶೇ. 15 ದಾಟಿದ್ರೆ ಮೋವರ್ ಓಡಿಸೋದು ಅಪಾಯ, ಗಾಲಿಕುರ್ಚಿಯವರು ಹತ್ತೋಕಾಗಲ್ಲ. ನಡುವೆ ಇರೋದಷ್ಟೇ ನಿಮ್ಮ ನಿಜವಾದ ಎಕರೆ. 100 ಎಕರೆ ಪತ್ರದಲ್ಲಿದ್ರೂ ಹೂಳೋಕೆ 45 ಸಿಕ್ಕರೆ ಅದೃಷ್ಟ.

ಪತ್ರದ ಕೆಲಸವೂ ಇದೆ. ರಾಷ್ಟ್ರೀಯ ಪರಿಸರ ಕಾಯ್ದೆ ಪ್ರಕಾರ ಪರಿಸರ ವರದಿ, 1966ರ ಚಾರಿತ್ರಿಕ ಸ್ಥಳ ರಕ್ಷಣಾ ಕಾಯ್ದೆಯ 106ನೇ ಸೆಕ್ಷನ್ ಕೆಳಗೆ ರಾಜ್ಯದ ಚಾರಿತ್ರಿಕ ಸಂರಕ್ಷಣಾ ಕಚೇರಿ, ಆ ನೆಲದ ಮೂಲನಿವಾಸಿ ಬುಡಕಟ್ಟುಗಳ ಜೊತೆ ಸಮಾಲೋಚನೆ. ಖನಿಜದ ಹಕ್ಕು, ಪೈಪ್‌ಲೈನ್ ಹಾದುಹೋಗೋ ಹಕ್ಕು ಬೇರೆಯವರ ಹೆಸರಲ್ಲಿದ್ಯಾ ಅಂತ ಟೈಟಲ್ ಕೂಡ ನೋಡಿಸಿ.

ಕುಡ್ಲದ_ಪೊಣ್ಣು
ಒಂದು ಎಕರೆಗೆ ಎಷ್ಟು ಸಮಾಧಿ ಹಿಡಿಯುತ್ತದೆ ಮಾರಾಯ್ರೆ? ಅದನ್ನು ಯಾರೂ ಹೇಳುವುದಿಲ್ಲ.

ಮಣ್ಣು_ಬಂಡೆ
@ಕುಡ್ಲದ_ಪೊಣ್ಣು ಎಕರೆ ಅಂದ್ರೆ 43,560 ಚದರಡಿ. ಸಾಂಪ್ರದಾಯಿಕ ಸಮಾಧಿ 5 × 10 ಅಡಿ, ಅಂದ್ರೆ 50 ಚದರಡಿ. ಭಾಗಿಸಿದ್ರೆ 871. ಮೊದಲೇ ನೆಲದಲ್ಲಿ ಇಳಿಸಿಟ್ಟ ಕಾಂಕ್ರೀಟ್ ಕ್ರಿಪ್ಟ್ (ಶವಪೆಟ್ಟಿಗೆ ಇಡೋ ಮುಚ್ಚಳದ ತೊಟ್ಟಿ) ಆದ್ರೆ 3 × 8 ಅಡಿ, 24 ಚದರಡಿ, 1,815. ಅದೂ ಜೋಡಿ ಆಳದ್ದು, ಗಂಡ ಹೆಂಡತಿ ಇಬ್ಬರಿಗೂ. ದಾರಿ, ಮರ, ಚರಂಡಿ ಕಳೆದ್ರೆ ಇದರಲ್ಲಿ ಅರ್ಧದಿಂದ ಮುಕ್ಕಾಲು ಕೈಗೆ ಬರುತ್ತೆ. ಈಗ ಹೊಸ ಯೋಜನೆಗಳೆಲ್ಲ ಕ್ರಿಪ್ಟ್ ಕಡೆ ಹೋಗಿರೋದು ಇದಕ್ಕೇ.

ಬೆಳಗಾವಿ_ಬಸು
ಕ್ರಿಪ್ಟ್ ಹೆಂಗ ಇಳಸ್ತಾರ? ಒಂದೊಂದ ತೆಗ್ಗ ತೋಡಿ?

ಮಣ್ಣು_ಬಂಡೆ
ಇಲ್ಲ ಬಸು ಅವ್ರೇ, ಇಡೀ ಭಾಗ ಒಟ್ಟಿಗೇ ಅಗೀತಾರೆ. ತಳ ಗಟ್ಟಿ ಮಾಡಿ, ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯೋ) ಬಟ್ಟೆ ಹಾಸಿ, ಮೇಲೆ ತೊಳೆದ ಜಲ್ಲಿ, ಅದರೊಳಗೆ ತೂತಿನ ಪೈಪ್. ಕ್ರೇನಲ್ಲಿ ಕ್ರಿಪ್ಟ್‌ಗಳನ್ನ ಪಕ್ಕಪಕ್ಕ ಜೋಡಿಸಿ, ಸಂದಿಗೆ ಜಲ್ಲಿ ತುಂಬಿ, ಮುಚ್ಚಳ ಹಾಕಿ, ಮತ್ತೆ ಬಟ್ಟೆ, ಮೇಲೆ ಸುಮಾರು ಎರಡಡಿ ಮಣ್ಣು, ಹುಲ್ಲು. ಅಂತ್ಯಕ್ರಿಯೆ ದಿನ ಆ ಎರಡಡಿ ಮಾತ್ರ ತೆಗೆದು ಮುಚ್ಚಳ ಎತ್ತೋದು. ಚಳಿಗೆ ನೆಲ ಕಲ್ಲಾಗೋ ಉತ್ತರದ ರಾಜ್ಯಗಳಲ್ಲಿ ಇದೇ ದೊಡ್ಡ ಅನುಕೂಲ.

ಕೆಡೋದು ಎಲ್ಲಿ ಗೊತ್ತಾ? ತೂತಿನ ಪೈಪಿಗೆ ಹೊರಹೋಗೋ ಬಾಯಿ ಬೇಕು. ಗುತ್ತಿಗೆದಾರ ಅದನ್ನ ಮಣ್ಣಲ್ಲಿ ಮುಚ್ಚಿಬಿಟ್ರೆ, ಅಥವಾ ಬಟ್ಟೆ ಸರಿಯಾಗಿ ಮಡಚದೆ ಜಲ್ಲಿಗೆ ಹೂಳು ಸೇರಿದ್ರೆ, ಕ್ರಿಪ್ಟ್ ಒಳಗೆ ನೀರು ತುಂಬುತ್ತೆ, ಶವಪೆಟ್ಟಿಗೆ ತೇಲುತ್ತೆ. ಮನೆಯವರ ಎದುರಿಗೆ ಮುಚ್ಚಳ ತೆಗೆದಾಗ ನೀರು ಕಂಡ್ರೆ ಆ ಸ್ಮಶಾನದ ಮಾನ ಹೋಯ್ತು. ಹಸ್ತಾಂತರಕ್ಕೆ ಮುಂಚೆ ಪ್ರತಿ ಸಾಲಲ್ಲೂ ಕೆಲವು ಮುಚ್ಚಳ ತೆಗೆಸಿ ನೋಡಿ, ಪೈಪಿಗೆ ಕ್ಯಾಮೆರಾ ಬಿಡಿಸಿ, ಅದನ್ನ ಟೆಂಡರ್ ಪತ್ರದಲ್ಲೇ ಬರೆಸಿ.

ಎರಡನೆಯದು ಅಳತೆ. ಕ್ರಿಪ್ಟಿಗೆ ಕಾಲಿಂಚು ತಪ್ಪಿದ್ರೆ 48 ಕ್ರಿಪ್ಟಿನ ಸಾಲಿಗೆ ಒಂದಡಿ. ಕಲ್ಲು ನಿಲ್ಲಿಸುವಾಗ ಕೆಳಗಿರೋರು ಒಬ್ಬರು, ಹೆಸರು ಇನ್ನೊಬ್ಬರದು ಅನ್ನೋ ಹಾಗಾಗುತ್ತೆ. ಶಾಶ್ವತ ಸರ್ವೆ ಗುರುತು ನೆಟ್ಟು, ಪ್ರತಿ ಸಾಲೂ ಅದರಿಂದಲೇ ಅಳೀಬೇಕು, ಹಿಂದಿನ ಸಾಲಿನಿಂದ ಅಲ್ಲ.

ಹಾಸನದ_ಹೈದ
ಗುರೂ ಇಷ್ಟೆಲ್ಲ ಯಾಕೆ, ಅರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ ಕೊಡ್ತಾರಲ್ಲ ಸೈನಿಕರಿಗೆ?

ಅಟ್ಲಾಂಟ_ಅರಸು
ಅರ್ಲಿಂಗ್ಟನ್ ವಿಎದ್ದೇ ಅಲ್ಲ, ಸೇನೆ ನಡೆಸೋದು. ಅರ್ಹತೆ ಬಹಳ ಬಿಗಿ. ಎರಡು ವರ್ಷ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾದ ಸಾಮಾನ್ಯ ಸೈನಿಕನಿಗೆ ರಾಜ್ಯದ ಸ್ಮಶಾನವೇ ಹತ್ತಿರದ ದಾರಿ. ಡಿಡಿ-214 (ಸೇನೆಯಿಂದ ಬಿಡುಗಡೆಯ ದಾಖಲೆ) ಇದ್ರೆ ಬದುಕಿರುವಾಗಲೇ ಅರ್ಹತೆ ನಿರ್ಧರಿಸಿಕೊಳ್ಳಬಹುದು. ವಿಎಯಲ್ಲಿ ಅದಕ್ಕೆ ಫಾರ್ಮ್ 40-10007, ರಾಜ್ಯಗಳಿಗೆ ಅವರವರದೇ ಅರ್ಜಿ. ಕೆಲವು ರಾಜ್ಯಗಳು ಅಲ್ಲಿನ ನಿವಾಸಿಯಾಗಿರಬೇಕು ಅಂತ ಷರತ್ತನ್ನೂ ಹಾಕ್ತವೆ.

ನ್ಯಾಷನಲ್ ಗಾರ್ಡ್, ರಿಸರ್ವ್‌ನವರ (ಅರೆಕಾಲಿಕ ಸೈನಿಕರ) ವಿಷಯ 2022ರಲ್ಲಿ ಬದಲಾಯ್ತು. ಅದಕ್ಕೆ ಮುಂಚೆ ಫೆಡರಲ್ ಅರ್ಹತೆ ಇಲ್ಲದವರನ್ನ ಹೂಳಿದ್ರೆ ರಾಜ್ಯದ ಗ್ರಾಂಟಿಗೇ ಕುತ್ತು. ಈಗ ಹೂಳಬಹುದು.

ಕುಡ್ಲದ_ಪೊಣ್ಣು
ಅಮೆರಿಕದ ಸೇನೆಯಲ್ಲಿ ನಮ್ಮವರೂ ಇದ್ದಾರೆ. ಹಿಂದೂಗಳು ಹೂಳುವುದಿಲ್ಲವಲ್ಲ, ಅವರಿಗೆ ಇದರಿಂದ ಏನು ಪ್ರಯೋಜನ?

ಸ್ಯಾಕ್ರಮೆಂಟೊ_ಅಕ್ಕ
ಪ್ರಯೋಜನ ಇದೆ ತಂಗಿ. ದಹನ ಆದ್ಮೇಲೆ ಅಸ್ಥಿ ಗೂಡಿನಲ್ಲಿ ಇಡಬಹುದು, ಇಬ್ಬರ ಕುಡಿಕೆ ಹಿಡಿಯೋ ಗೂಡೇ ಹೆಚ್ಚು. ವಿಎ ಒಪ್ಪಿರೋ ಧರ್ಮಚಿಹ್ನೆಗಳಲ್ಲಿ ಓಂ ಇದೆ, ಸಿಖ್ಖರ ಖಂಡಾ ಇದೆ. ಕಲ್ಲಿಗೆ ದುಡ್ಡಿಲ್ಲ.

ಅಸ್ಥಿಯನ್ನ ಪೂರ್ತಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೋ ಗೋಕರ್ಣದಲ್ಲೋ ಬಿಟ್ಟರೂ ಸ್ಮಾರಕ ಕಲ್ಲು ಸಿಗುತ್ತೆ. ಅಂಥವರಿಗೆ ಅಂತಲೇ ಸ್ಮಾರಕ ಭಾಗ ಇರುತ್ತೆ, ಕೆಳಗೆ ಸಮಾಧಿ ಇಲ್ಲದ ಸಾಲು. ಕಲ್ಲಿನ ಮೇಲೆ 'ನೆನಪಿಗಾಗಿ' ಅನ್ನೋ ಅರ್ಥದ ಇಂಗ್ಲಿಷ್ ಸಾಲು ಕಡ್ಡಾಯವಾಗಿ ಕೆತ್ತಿರ್ತಾರೆ. ಯೋಜನೆ ಮಾಡೋರಿಗೆ ಇದು ಬಂಗಾರ: ಗುಂಡಿಗೆ ಬಾರದ ಇಳಿಜಾರು, ಬಂಡೆ ಇರೋ ಮೂಲೆ, ಪೈಪ್‌ಲೈನ್ ಪಕ್ಕದ ಪಟ್ಟಿ ಎಲ್ಲ ಸ್ಮಾರಕ ಭಾಗಕ್ಕೆ ಹೊಂದುತ್ತೆ. ಅರ್ಧ ಅಸ್ಥಿ ಇಲ್ಲಿ ಗೂಡಲ್ಲಿಟ್ಟು ಅರ್ಧ ಊರಿಗೆ ಒಯ್ದರೆ ಮಾತ್ರ ಬೇರೆ ಸ್ಮಾರಕ ಕಲ್ಲು ಇಲ್ಲ, ಗೂಡಿನ ಫಲಕವೇ.

ಕೊಡಗಿನ_ಸುಬೇದಾರ್
ನಮ್ಮಲ್ಲಿ ಸೈನಿಕ ತೀರಿಕೊಂಡರೆ ಸ್ವಂತ ಊರಲ್ಲೇ ಸಂಸ್ಕಾರ, ಗೌರವವಂದನೆ. ವಂಶದ ಜಮ್ಮಾ ಜಾಗದಲ್ಲೇ ಆಗಿ ಹೋಗುತ್ತದೆ. ರಾಜ್ಯ ಸರ್ಕಾರ ಸ್ಮಶಾನ ಕಟ್ಟುವ ಪ್ರಶ್ನೆ ಹುಟ್ಟುವುದಿಲ್ಲ. ಆದರೆ ಎರಡು ಮಹಾಯುದ್ಧಗಳ ಸಮಾಧಿಗಳಿಗೆ ಭಾರತವೂ ಈಗಲೂ ದುಡ್ಡು ಕೊಡುತ್ತಿದೆ ಎಂದು ಎಷ್ಟು ಜನರಿಗೆ ಗೊತ್ತು? 1917ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಆರು ಸದಸ್ಯ ದೇಶಗಳಲ್ಲಿ ನಾವೂ ಒಬ್ಬರು. ಯಾರ ಸೈನಿಕರ ಸಮಾಧಿ ಎಷ್ಟಿದೆಯೋ ಆ ಪ್ರಮಾಣದಲ್ಲಿ ಪಾಲು. ಬ್ರಿಟನ್ನಿನದು ಮುಕ್ಕಾಲಕ್ಕೂ ಹೆಚ್ಚು.

ಲೆಕ್ಕದ_ಪುಸ್ತಕ
ಸುಬೇದಾರ್ ಸಾಹೇಬ್ರೇ, ಆ ಸೂತ್ರವೇ ಇಲ್ಲಿ ಇಲ್ಲದಿರೋದು. ಅಲ್ಲಿ ನಿರ್ವಹಣೆಯ ಪಾಲು ಮೊದಲೇ ಬರೆದಿಟ್ಟಿದ್ದಾರೆ. ಇಲ್ಲಿ ಕಟ್ಟೋದಕ್ಕೆ ಸೂತ್ರ ಇದೆ, ನಿರ್ವಹಣೆ ಆಯಾ ವರ್ಷದ ಶಾಸನಸಭೆಯ ಮರ್ಜಿ.

ಹಾಸನದ_ಹೈದ
ನಿರ್ವಹಣೆಗೂ ಗ್ರಾಂಟ್ ಇದೆ ಅಂತ ವಿಎ ಪುಟದಲ್ಲಿ ಓದಿದ ನೆನಪು?

ಲೆಕ್ಕದ_ಪುಸ್ತಕ
ಇದೆ, ಆದ್ರೆ ಸಂಬಳಕ್ಕಲ್ಲ. ವಾಲಿದ ಕಲ್ಲು ಎತ್ತಿ ಸಾಲು ಮಾಡೋದು, ಕುಸಿದ ಸಮಾಧಿಗೆ ಮಣ್ಣು ತುಂಬೋದು, ಹುಲ್ಲು ಹೊಸದಾಗಿ ಹಾಕೋದು, ರಾಷ್ಟ್ರೀಯ ಸ್ಮಶಾನಗಳ ಮಟ್ಟಕ್ಕೆ ತರೋ ಒಂದು ಸಲದ ಕೆಲಸಕ್ಕೆ. ಪುಟದ ಶೀರ್ಷಿಕೆ ಓದಿ ಬಜೆಟ್ ಮಾಡಿದ್ರೆ ಮುಳುಗ್ತೀರಿ.

ಹುಲ್ಲು_ನೀರು
ಕಲ್ಲಿನ ಮಾತು ಬಂತಲ್ಲ. ನಿಂತ ಅಮೃತಶಿಲೆ ಕಲ್ಲು 42 ಇಂಚು ಉದ್ದ, 13 ಅಗಲ, 4 ದಪ್ಪ, ತೂಕ ಸುಮಾರು 230 ಪೌಂಡ್. ನೆಲದ ಮೇಲೆ 24ರಿಂದ 26 ಇಂಚು ಕಾಣಬೇಕು, ಉಳಿದದ್ದು ಒಳಗೆ. ಹೊಸದಾಗಿ ಮುಚ್ಚಿದ ಗುಂಡಿ ಮೊದಲ ವರ್ಷ ಇಳಿದೇ ಇಳಿಯುತ್ತೆ, ಕಲ್ಲು ವಾಲುತ್ತೆ. ಮಣ್ಣನ್ನ ಒಂದೇ ಸಲ ಸುರಿಯದೆ ಪದರ ಪದರವಾಗಿ ದಮ್ಮಸ್ಸು ಮಾಡಬೇಕು. ಅಂತ್ಯಕ್ರಿಯೆ ಆದ 60 ದಿನದೊಳಗೆ ಕಲ್ಲು ನಿಂತಿರಬೇಕು ಅನ್ನೋದು ಅಳತೆಗೋಲು, ಪರಿಶೀಲನೆಗೆ ಬಂದವರು ಅದನ್ನೇ ಮೊದಲು ಕೇಳ್ತಾರೆ.

ಕಲ್ಲು ನೆಲಕ್ಕೆ ಸಮ ಇರೋ ಗ್ರಾನೈಟ್ ಆದ್ರೆ (24 × 12 × 4 ಇಂಚು, 130 ಪೌಂಡ್) ಮೇಲೇ ಮೋವರ್ ಹರಿಸಬಹುದು, ಕೂಲಿ ಉಳಿಯುತ್ತೆ. ಆದ್ರೆ ಮುಳುಗುತ್ತೆ, ಹುಲ್ಲು ಅಂಚಿನಿಂದ ಒಳಗೆ ಹರಿಯುತ್ತೆ, ವರ್ಷ ವರ್ಷ ಎತ್ತಬೇಕು. ಯಾವುದೂ ಪುಕ್ಕಟೆ ಅಲ್ಲ.

ನೀರು ಇನ್ನೂ ದೊಡ್ಡ ತಲೆನೋವು. ಎಲ್ ಪಾಸೊ ಹತ್ತಿರದ ಫೋರ್ಟ್ ಬ್ಲಿಸ್ ರಾಷ್ಟ್ರೀಯ ಸ್ಮಶಾನದಲ್ಲಿ ಹುಲ್ಲು ತೆಗೆದು ಜಲ್ಲಿ, ಮರುಭೂಮಿ ಗಿಡ ಹಾಕಿದ್ರು. ನೀರು ಉಳೀತು, ಮನೆಯವರು ಮುನಿಸಿಕೊಂಡ್ರು. ಒಣಪ್ರದೇಶದಲ್ಲಿ ಮೊದಲ ದಿನದಿಂದಲೇ ಜಲ್ಲಿ ಅಂತ ನಕ್ಷೆಯಲ್ಲಿ ತೋರಿಸಿ. ಹಸಿರು ತೋರಿಸಿ ಆಮೇಲೆ ಕಿತ್ತರೆ ಜಗಳ ಖಂಡಿತ.

ಟೆಕ್ಸಸ್_ಗೌಡ
ಜಲ್ಲಿ ಹಾಕಿ ಗೌರವ ಅಂದ್ರೆ ಹೇಗೆ ಸ್ವಾಮಿ? ನೋಡೋಕೆ ಪಾರ್ಕಿಂಗ್ ಲಾಟ್.

ಹುಲ್ಲು_ನೀರು
ಗೌಡ್ರೇ, ಒಣಗಿ ಕಂದುಬಣ್ಣ ತಿರುಗಿದ ಹುಲ್ಲಿಗಿಂತ ಅಚ್ಚುಕಟ್ಟಾದ ಜಲ್ಲಿ ಮೇಲು. ಮರುಬಳಕೆ ನೀರಿನ ಪೈಪ್ ಹತ್ತಿರ ಇದ್ರೆ ಹುಲ್ಲು ಹಾಕಿ, ನನ್ನ ತಕರಾರಿಲ್ಲ. ಆದ್ರೆ ಆ ನೀರಿನ ಉಪ್ಪು ಅಮೃತಶಿಲೆಗೆ ಕಲೆ ಮಾಡುತ್ತೆ, ಸ್ಪ್ರಿಂಕ್ಲರ್ ಕಲ್ಲಿನ ಮೇಲೆ ಬೀಳದ ಹಾಗೆ ತಿರುಗಿಸಬೇಕು.

ಹಾಸನದ_ಹೈದ
ಇಬ್ಬರೂ ಜಲ್ಲಿ ಬಿಡಿ. ಅರ್ಜಿ ಹಾಕೋ ಕ್ರಮ ಯಾರಾದ್ರೂ ಹೇಳಿ, ಇಲ್ಲಾಂದ್ರೆ ಈ ಚರ್ಚೆ ಹುಲ್ಲಲ್ಲೇ ಮುಗಿಯುತ್ತೆ.

ಅಟ್ಲಾಂಟ_ಅರಸು
ಮೊದಲು ಶಾಸನಸಭೆಯಲ್ಲಿ ಅಧಿಕಾರ ಕೊಡೋ ಕಾನೂನು. ಆಮೇಲೆ ಪೂರ್ವ ಅರ್ಜಿ: ಎಸ್‌ಎಫ್-424 ಫಾರ್ಮ್, ಜಾಗದ ದಾಖಲೆ, ಎಷ್ಟು ಸೈನಿಕರಿಗೆ ಉಪಯೋಗ ಅನ್ನೋ ಸಮರ್ಥನೆ, ಪ್ರಾಥಮಿಕ ನಕ್ಷೆ. ಇದು ಜುಲೈ 1ರೊಳಗೆ ಮುಟ್ಟಿದ್ರೆ ಮುಂದಿನ ಹಣಕಾಸು ವರ್ಷದ ಆದ್ಯತಾ ಪಟ್ಟಿಗೆ ಸೇರುತ್ತೆ. ಜುಲೈ 2 ಅಂದ್ರೆ ಒಂದು ವರ್ಷ ಹೋಯ್ತು.

ಪಟ್ಟಿಯಲ್ಲಿ ಮೇಲೆ ಬಂದ್ರೆ ವಿಎಯಿಂದ ಮುಂದುವರಿಯಿರಿ ಅಂತ ಪತ್ರ ಬರುತ್ತೆ. ಅದು ಮಂಜೂರಾತಿ ಅಲ್ಲ, ಇದನ್ನ ದಪ್ಪಕ್ಷರದಲ್ಲಿ ಬರ್ಕೊಳ್ಳಿ. ಆಮೇಲೆ ಪೂರ್ತಿ ನಕ್ಷೆ, ವಿಎ ಪರಿಶೀಲನೆ, ಟೆಂಡರ್. ಗ್ರಾಂಟ್ ಮೊತ್ತ ನಿಮ್ಮ ಅಂದಾಜಿನ ಮೇಲಲ್ಲ, ಬಂದ ಟೆಂಡರ್ ದರದ ಮೇಲೆ ನಿರ್ಧಾರ ಆಗುತ್ತೆ. ಫೆಡರಲ್ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತೆ, ಅಷ್ಟರೊಳಗೆ ದರ, ಪರಿಸರ ಒಪ್ಪಿಗೆ, ಪ್ರಮಾಣಪತ್ರ ಎಲ್ಲ ಅವರ ಕೈಯಲ್ಲಿರಬೇಕು.

ಮಣ್ಣು_ಬಂಡೆ
ಅರಸು ಸರ್ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ. ಟೆಂಡರ್ ದರದ ಸಿಂಧುತ್ವ 60 ದಿನ ಅಂತ ಹಾಕಿ ಮೇ ತಿಂಗಳಲ್ಲಿ ತೆರೆದ್ರೆ, ವಿಎ ಸಹಿ ಬರೋಷ್ಟರಲ್ಲಿ ಗುತ್ತಿಗೆದಾರ ಕೈ ಎತ್ತುತ್ತಾನೆ. 120 ದಿನ ಕೇಳಿ. ಎರಡು, ಅಂದಾಜಿಗಿಂತ ದರ ಜಾಸ್ತಿ ಬಂದ್ರೆ ಏನು ಕಡಿತ ಅಂತ ಮೊದಲೇ ಪರ್ಯಾಯ ಬಾಬತ್ತು ಬರೆದಿಡಿ: ಎರಡನೇ ಅಸ್ಥಿ ಗೂಡಿನ ಗೋಡೆ, ಗೇಟಿನ ಕಲ್ಲು ಹೊದಿಕೆ, ದೂರದ ರಸ್ತೆಯ ಡಾಂಬರು. ಚರಂಡಿ ಮಾತ್ರ ಯಾವತ್ತೂ ಆ ಪಟ್ಟಿಗೆ ಹಾಕಬೇಡಿ.

ಸ್ಯಾಕ್ರಮೆಂಟೊ_ಅಕ್ಕ
ಮೊದಲ ಹಂತವನ್ನ ಹತ್ತು ವರ್ಷದ ಲೆಕ್ಕಕ್ಕೆ ಕಟ್ಟಿ, ಎಲ್ಲ ಎಕರೆ ಒಟ್ಟಿಗೆ ಬೇಡ. ಬಳಸದ ಹುಲ್ಲಿಗೂ ನೀರು ಹಾಕಬೇಕಾಗುತ್ತೆ. ಎರಡನೇ ಹಂತದ ಪೂರ್ವ ಅರ್ಜಿಯನ್ನ ಆರನೇ ವರ್ಷಕ್ಕೇ ಹಾಕಿಬಿಡಿ. ಆಗ ಜಾಗ ಮುಗಿಯೋ ಹೊತ್ತಿಗೆ ನೀವು ಗುಂಪು 1ರಲ್ಲಿ ಇರ್ತೀರಿ.

ಅಂತ್ಯಕ್ರಿಯೆ ಮಂಟಪಕ್ಕೆ ಬರೋ ದಾರಿ ಗಿಡ್ಡ ಮಾಡಬೇಡಿ. ಸೇವೆ ಅಲ್ಲೇ 20-30 ನಿಮಿಷ, ಗುಂಡಿ ಹತ್ತಿರ ಯಾರನ್ನೂ ಬಿಡಲ್ಲ. ಕಾರಿಗೆ 25 ಅಡಿ ಹಿಡಿದ್ರೆ 20 ಕಾರಿಗೆ 500 ಅಡಿ ಸಾಲು ಬೇಕು. ಎರಡು ಸೇವೆ ಹಿಂದೆ ಮುಂದೆ ಇದ್ರೆ ಒಂದರ ಬಾಲ ಹೊರಗೆ ಹೋಗೋವಾಗ ಇನ್ನೊಂದರ ತಲೆ ಹೈವೇ ಮೇಲಿರುತ್ತೆ. ಧ್ವಜ ಮಡಚಿ ಕೊಡೋ ಸಮವಸ್ತ್ರದ ಇಬ್ಬರು ಬರೋದು ಕಾನೂನಿನ ಪ್ರಕಾರ ಕನಿಷ್ಠ, ಅವರು ದೂರದ ನೆಲೆಯಿಂದ ಬರ್ತಾರೆ. ಕೂರೋಕೆ ಒಂದು ಕೋಣೆ, ಶೌಚಾಲಯ ನಕ್ಷೆಯಲ್ಲೇ ಇರಲಿ.

ಇರ್ವೈನ್_ಕನ್ನಡಿಗ
ಅಂದ್ರೆ ನಾವು ಶಾಸಕರ ಕಚೇರಿಗೆ ಹೋದಾಗ 'ಗ್ರಾಂಟ್ ತನ್ನಿ' ಅಂತ ಕೇಳೋ ಬದಲು ಏನು ಕೇಳಬೇಕು?

ಲೆಕ್ಕದ_ಪುಸ್ತಕ
ಮೂರು ಕೇಳಿ. ವಿನ್ಯಾಸಕ್ಕೆ ಮುಂಗಡ ಈ ಬಜೆಟ್‌ನಲ್ಲಿ ಇದೆಯಾ? ಪ್ಲಾಟ್ ಭತ್ಯೆ ರಾಜ್ಯದ ಸಾಮಾನ್ಯ ಖಜಾನೆಗೆ ಹೋಗುತ್ತಾ, ಸ್ಮಶಾನದ ಖಾತೆಗೇ ಬರುತ್ತಾ? ಹತ್ತನೇ ವರ್ಷದ ಯಂತ್ರಗಳಿಗೆ ಈಗಿನಿಂದಲೇ ದುಡ್ಡು ಎತ್ತಿಡೋ ಕಲಮು ಮಸೂದೆಯಲ್ಲಿ ಇದೆಯಾ?

ಬೆಳಗಾವಿ_ಬಸು
ಎರಡನೇದು ಬರವಣಿಗ್ಯಾಗ ತಗೋರಿ. ಬಾಯಿಲೆ ಹೇಳಿದ್ರ ಮುಂದಿನ ಇಲೆಕ್ಷನ್‌ತನಕ ಅಷ್ಟ.